ಸತ್ತದ್ದು ಯಾವುದರಿಂದ, ಸತ್ತದ್ದು ಹೇಗೆ: ಶವಪಂಚನಾಮೆಯ ಹಿಂದಿನ ಎರಡು ಸಾವಿರ ವರ್ಷ

ತೋಟದ ಬಾವಿಯಲ್ಲಿ ಹೆಣ ತೇಲಿದೆ ಅಂತ ಫೋನ್ ಬಂದರೆ ನಾವು ಬೈಕ್ ಹತ್ತುತ್ತೇವೆ. ತಲುಪುವ ಹೊತ್ತಿಗೆ ಬಾವಿಯ ಸುತ್ತ ಜನ ನೆರೆದಿರುತ್ತಾರೆ. ತೀರ್ಪೂ ಆಗಿರುತ್ತದೆ. "ಸಾಲ ಜಾಸ್ತಿಯಾಗಿತ್ತಂತೆ, ಹಾರ್ಕೊಂಡ" ಅಂತ ಒಬ್ಬರು. "ಮೋಟರ್ ನೋಡೋಕೆ ಇಳಿದವನು ಕಾಲು ಜಾರಿದ್ದಾನೆ" ಅಂತ ಇನ್ನೊಬ್ಬರು. ಮೂರನೆಯವರು ಏನೂ ಹೇಳದೆ ನಿಂತಿರುತ್ತಾರೆ. ಅವರ ಮಾತು ಸಂಜೆ ಟೀ ಅಂಗಡಿಯಲ್ಲಿ ಸಣ್ಣ ದನಿಯಲ್ಲಿ ಹೊರಬರುತ್ತದೆ.

ಡಿಪ್ಲೊಮಾ ಮುಗಿಸಿ ಪತ್ರಿಕೆಗೆ ಸುದ್ದಿ ಕಳಿಸಲು ಶುರುಮಾಡಿದ ಹೊಸತರಲ್ಲಿ ಇಂಥದ್ದೇ ಒಂದು ಸಾವನ್ನು ನಾವು ಅದೇ ಸಂಜೆ "ಬಾವಿಗೆ ಹಾರಿ ಆತ್ಮಹತ್ಯೆ" ಎಂದು ಬರೆದು ಕಳಿಸಿದೆವು. ಪೋಸ್ಟ್‌ಮಾರ್ಟಮ್ ಇನ್ನೂ ಆಗಿರಲಿಲ್ಲ. ಮರುದಿನ ಸತ್ತವನ ತಾಯಿ ಪೇಪರ್ ಹಿಡಿದುಕೊಂಡು ನಮ್ಮನ್ನು ಕೇಳಿದ್ದು ಒಂದೇ ಮಾತು: "ಅವನು ಹಾರಿದ್ದನ್ನ ನೀವು ಕಂಡ್ರೇನಪ್ಪಾ?"

ನಾವು ಕಂಡಿರಲಿಲ್ಲ. ಯಾರೂ ಕಂಡಿರಲಿಲ್ಲ. ಆ ಪ್ರಶ್ನೆಯ ಬೆನ್ನು ಹತ್ತಿ ಓದಿದ್ದನ್ನು, ಕೇಳಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಒಂದು ಸಾವು, ಎರಡು ಪ್ರಶ್ನೆ

ಸಾವಿನ ಬಗ್ಗೆ ಕೇಳಬೇಕಾದ ಪ್ರಶ್ನೆ ಒಂದಲ್ಲ, ಎರಡು. ಸತ್ತದ್ದು ಯಾವುದರಿಂದ? ಸತ್ತದ್ದು ಹೇಗೆ? ಮಾತಿನಲ್ಲಿ ನಾವು ಇವೆರಡನ್ನೂ ಕಲಸಿಬಿಡುತ್ತೇವೆ.

ಬಾವಿಯ ಉದಾಹರಣೆಯನ್ನೇ ತೆಗೆದುಕೊಳ್ಳಿ. ನೀರು ಒಳಗೆ ಹೋಗಿ ಉಸಿರು ಕಟ್ಟಿ ಸತ್ತ ಎಂಬುದು ಮೊದಲ ಪ್ರಶ್ನೆಗೆ ಉತ್ತರ. ಅದನ್ನು ಡಾಕ್ಟರ್ ದೇಹ ನೋಡಿ ಹೇಳಬಲ್ಲರು. ಆದರೆ ಆತ ಜಾರಿ ಬಿದ್ದನೇ, ತಾನೇ ಹಾರಿದನೇ, ಯಾರಾದರೂ ನೂಕಿದರೇ ಎಂಬುದು ಎರಡನೆಯ ಪ್ರಶ್ನೆ. ಮೂರರಲ್ಲೂ ಶ್ವಾಸಕೋಶಕ್ಕೆ ಹೋಗುವ ನೀರು ಒಂದೇ. ಮೈಮೇಲೆ ಹೊಡೆತದ ಗುರುತು, ಉಗುರಿನಲ್ಲಿ ಸಿಕ್ಕ ಚರ್ಮ ಇಂಥದ್ದು ಇದ್ದರೆ ದೇಹ ಒಂದಿಷ್ಟು ಸುಳಿವು ಕೊಡುತ್ತದೆ. ಇಲ್ಲದಿದ್ದರೆ ಉತ್ತರ ಇರುವುದು ಶವಾಗಾರದ ಮೇಜಿನ ಮೇಲಲ್ಲ, ಬಾವಿಯ ಕಟ್ಟೆಯ ಮೇಲೆ. ಚಪ್ಪಲಿ ಎಲ್ಲಿತ್ತು? ಕಟ್ಟೆಯ ಪಾಚಿ ಕೆರೆದಿತ್ತೇ? ಮೋಟರ್ ಸ್ವಿಚ್ ಹಾಕಿತ್ತೇ? ಮಣ್ಣಿನಲ್ಲಿ ಎಷ್ಟು ಜನರ ಹೆಜ್ಜೆ ಇತ್ತು?

ಅಮೆರಿಕದಲ್ಲಿ ಈ ಎರಡನೆಯ ಪ್ರಶ್ನೆಗೆ ಮರಣ ಪ್ರಮಾಣಪತ್ರದಲ್ಲೇ ಒಂದು ಜಾಗ ಇದೆ. ಸಹಜ, ಅಪಘಾತ, ಆತ್ಮಹತ್ಯೆ, ಕೊಲೆ, ತೀರ್ಮಾನಿಸಲಾಗಿಲ್ಲ ಎಂಬ ಐದರಲ್ಲಿ ಒಂದನ್ನು ಅಧಿಕಾರಿ ಗುರುತಿಸುತ್ತಾರೆ. ನಮ್ಮಲ್ಲಿ ಶವಪರೀಕ್ಷೆ ಮಾಡುವ ಡಾಕ್ಟರ್ ಮುಖ್ಯವಾಗಿ ಬರೆಯುವುದು ಯಾವುದರಿಂದ ಸತ್ತ ಎಂಬುದನ್ನು, ಗಾಯಗಳು ಸಾಯುವ ಮುಂಚಿನವೋ ಸತ್ತ ಮೇಲಿನವೋ ಎಂಬುದನ್ನು. ಹೇಗೆ ಸತ್ತ ಎಂಬುದು ತನಿಖೆಗೆ, ಕೊನೆಗೆ ಕೋರ್ಟಿಗೆ ಬಿಟ್ಟದ್ದು.

ಇದರಿಂದ ಏನು ವ್ಯತ್ಯಾಸ ಅಂತೀರಾ? ವರ್ಷಕ್ಕೆ 20 ರೂಪಾಯಿ ಕಟ್ಟುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯನ್ನೇ ನೋಡಿ. ಅಪಘಾತದಲ್ಲಿ ಸತ್ತರೆ 2 ಲಕ್ಷ ರೂಪಾಯಿ. ಕೊಲೆಯಾದರೂ ಸಿಗುತ್ತದೆ. ಆತ್ಮಹತ್ಯೆಯಾದರೆ ಸಿಗುವುದಿಲ್ಲ. ಅದೇ ಬಾವಿ, ಅದೇ ಹೆಣ. ಜಾರಿದ್ದಾದರೆ ಹೆಂಡತಿ ಮಕ್ಕಳಿಗೆ ಹಣ, ಹಾರಿದ್ದಾದರೆ ಇಲ್ಲ, ನೂಕಿದ್ದಾದರೆ ಹಣದ ಜೊತೆಗೆ ಯಾರಿಗೋ ಜೈಲು.

ಮೈಸೂರಿಗೆ ಬಂದ ತಾಳೆಗರಿ

ಈ ಪ್ರಶ್ನೆ ಹೊಸದಲ್ಲ. ಅದಕ್ಕೆ ನಮ್ಮಲ್ಲಿರುವ ದೊಡ್ಡ ಸಾಕ್ಷಿ ಬೆಳಕಿಗೆ ಬಂದದ್ದು ಮೈಸೂರಿನಲ್ಲಿ.

ಹಾಸನ ಜಿಲ್ಲೆಯ ರುದ್ರಪಟ್ಟಣದ ಶಾಮಶಾಸ್ತ್ರಿಗಳು ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ಕೆಲಸ ಮಾಡುತ್ತಿದ್ದರು. ತಂಜಾವೂರು ಕಡೆಯ ಪಂಡಿತರೊಬ್ಬರು ಅಲ್ಲಿಗೆ ಒಂದು ತಾಳೆಗರಿಯ ಕಟ್ಟನ್ನು ಕೊಟ್ಟರು. ಅದು ಗ್ರಂಥ ಲಿಪಿಯಲ್ಲಿತ್ತು. 1905ರಲ್ಲಿ ಶಾಸ್ತ್ರಿಗಳು ಅದನ್ನು ಕೌಟಿಲ್ಯನ ಅರ್ಥಶಾಸ್ತ್ರ ಎಂದು ಗುರುತಿಸಿದರು. ಹೆಸರು ಕೇಳಿದ್ದರೂ ಪೂರ್ತಿ ಪಠ್ಯ ಅಲ್ಲಿಯವರೆಗೆ ವಿದ್ವಾಂಸರ ಕೈಗೆ ಸಿಕ್ಕಿರಲಿಲ್ಲ. 1909ರಲ್ಲಿ ಸಂಸ್ಕೃತ ಪಠ್ಯ ಅಚ್ಚಾಯಿತು, 1915ರಲ್ಲಿ ಅವರದೇ ಇಂಗ್ಲಿಷ್ ಅನುವಾದ ಬಂತು.

ಅರ್ಥಶಾಸ್ತ್ರ ಎಂದರೆ ತೆರಿಗೆ, ಸೈನ್ಯ, ಗೂಢಚಾರರು ಎಂದಷ್ಟೇ ನಮಗೆ ಶಾಲೆಯಲ್ಲಿ ಹೇಳಿಕೊಟ್ಟಿದ್ದಾರೆ. ಅದರ ನಾಲ್ಕನೆಯ ಭಾಗದ ಏಳನೆಯ ಅಧ್ಯಾಯದ ಹೆಸರು ಆಶುಮೃತಕ ಪರೀಕ್ಷೆ. ಹಠಾತ್ತನೆ ಸತ್ತವರ ಪರೀಕ್ಷೆ ಎಂದು ಅರ್ಥ. ಸುಮಾರು ಎರಡು ಸಾವಿರ ವರ್ಷದ ಹಿಂದಿನ ಶವಪಂಚನಾಮೆ ಅದು.

ಹೆಣಕ್ಕೆ ಎಣ್ಣೆ ಸವರಿ ಪರೀಕ್ಷಿಸಬೇಕು ಎಂದು ಅಲ್ಲಿ ಮೊದಲು ಹೇಳಿದೆ. ಆಮೇಲೆ ಗುರುತುಗಳ ಪಟ್ಟಿ ಬರುತ್ತದೆ. ಕಣ್ಣು ತೆರೆದು, ಕೈಕಾಲು ಊದಿ, ಕೊರಳಲ್ಲಿ ಗುರುತಿದ್ದರೆ ಉಸಿರು ಕಟ್ಟಿಸಿ ಕೊಂದದ್ದು. ಹೊಟ್ಟೆ ಊದಿ, ನಾಲಿಗೆ ಹಲ್ಲಿನ ನಡುವೆ ಸಿಕ್ಕಿದ್ದರೆ ನೀರಿನಲ್ಲಿ ಮುಳುಗಿದ್ದು. ಮೂಳೆ ಮುರಿದು ಮೈ ಒಡೆದಿದ್ದರೆ ಮೇಲಿಂದ ಕೆಳಗೆ ಎಸೆದದ್ದು. ಕೈಕಾಲು, ಹಲ್ಲು, ಉಗುರು ಕಪ್ಪಾಗಿ ಬಾಯಲ್ಲಿ ನೊರೆ ಬಂದಿದ್ದರೆ ವಿಷ. ಇದೇ ಲಕ್ಷಣದ ಜೊತೆಗೆ ರಕ್ತ ಬಂದ ಕಚ್ಚಿದ ಗುರುತೂ ಇದ್ದರೆ ಹಾವು ಅಥವಾ ಬೇರೆ ವಿಷಜಂತು.

ಇವುಗಳಲ್ಲಿ ಕೆಲವು ಇಂದಿನ ವೈದ್ಯರಿಗೂ ಒಪ್ಪಿಗೆಯಾಗುವಂಥವು, ಕೆಲವು ಅಲ್ಲ. ವಿಷ ಪತ್ತೆ ಮಾಡಲು ಸತ್ತವನ ಹೃದಯವನ್ನು ಬೆಂಕಿಗೆ ಹಾಕಬೇಕು, ಚಿಟಚಿಟ ಸದ್ದಾಗಿ ಕಾಮನಬಿಲ್ಲಿನ ಬಣ್ಣ ಬಂದರೆ ವಿಷ ಎಂದೂ ಅಲ್ಲೇ ಬರೆದಿದೆ. ಅದನ್ನು ಇಂದು ಯಾರೂ ನಂಬುವುದಿಲ್ಲ.

ಆದರೆ ಆ ಪಟ್ಟಿಯ ನಂತರ ಬರುವ ಒಂದು ಮಾತು ನಮ್ಮನ್ನು ಹಿಡಿದು ನಿಲ್ಲಿಸಿತು. ಹೀಗೆಲ್ಲ ಕೊಂದವರೇ ಶಿಕ್ಷೆಗೆ ಹೆದರಿ, ಹೆಣದ ಕೊರಳಿಗೆ ಗುರುತು ಮಾಡಿ, ತಾನೇ ನೇಣು ಹಾಕಿಕೊಂಡಂತೆ ತೋರಿಸುವುದುಂಟು ಎಂದು ಕೌಟಿಲ್ಯ ಎಚ್ಚರಿಸುತ್ತಾನೆ. ಅಂದರೆ ಹೆಣ ಸುಳ್ಳು ಹೇಳಬಲ್ಲದು, ಹೇಳಿಸುವವರು ಇದ್ದಾರೆ ಎಂಬುದು ಆಗಲೇ ಗೊತ್ತಿತ್ತು.

ಅದಕ್ಕಾಗಿಯೇ ಅಧ್ಯಾಯ ಹೆಣದ ಹತ್ತಿರ ನಿಲ್ಲುವುದಿಲ್ಲ. ಸುತ್ತಲಿನವರನ್ನು ಕೇಳಬೇಕು: ಇವನನ್ನು ಇಲ್ಲಿಗೆ ಕರೆತಂದವರು ಯಾರು, ಜೊತೆಯಲ್ಲಿ ಯಾರಿದ್ದರು, ಗಾಬರಿಯಲ್ಲಿ ಓಡಾಡಿದವರು ಯಾರು? ಮೈಮೇಲಿದ್ದ ಬಟ್ಟೆ, ಒಡವೆ ನೋಡಿ ಅವುಗಳ ವ್ಯವಹಾರ ಮಾಡುವವರನ್ನು ವಿಚಾರಿಸಬೇಕು. ಹೆಣ್ಣು, ಆಸ್ತಿ, ದಾಯಾದಿ ಜಗಳ, ವ್ಯಾಪಾರದ ಪೈಪೋಟಿ, ನ್ಯಾಯದ ಕಟ್ಟೆಯ ವ್ಯಾಜ್ಯ, ಇವುಗಳಿಂದ ಹುಟ್ಟಿದ ಸಿಟ್ಟಿದೆಯೇ ನೋಡಬೇಕು. ಇಂದಿನ ಯಾವ ಸ್ಟೇಷನ್ನಿನ ಸಬ್ ಇನ್‌ಸ್ಪೆಕ್ಟರ್ ಆದರೂ ಕೇಳುವ ಪ್ರಶ್ನೆಗಳೇ.

ಅದೇ ಅಧ್ಯಾಯದಲ್ಲಿ ಒಂದು ಕ್ರೂರ ವಿಧಿಯೂ ಇದೆ. ಕಾಮ, ಕ್ರೋಧದಿಂದ ತನ್ನನ್ನು ತಾನೇ ಕೊಂದುಕೊಂಡವರ ಹೆಣವನ್ನು ಹಗ್ಗ ಕಟ್ಟಿ ರಾಜಬೀದಿಯಲ್ಲಿ ಎಳೆಸಬೇಕು, ಅವರಿಗೆ ಸಂಸ್ಕಾರ ಇಲ್ಲ ಎನ್ನುತ್ತದೆ. ಸತ್ತವರಿಗೆ ಇಂಥ ಅವಮಾನ ಕಾದಿದೆ ಎಂದಾದರೆ ಯಾವ ಮನೆಯವರು ನಿಜ ಹೇಳುತ್ತಾರೆ? ಹೇಗೆ ಸತ್ತ ಎಂಬುದನ್ನು ಮುಚ್ಚಿಡುವುದು ಕೊಂದವರು ಮಾತ್ರವಲ್ಲ. ಮಾನಕ್ಕೆ ಅಂಜಿದ ಮನೆಯವರೂ ಮುಚ್ಚಿಡುತ್ತಾರೆ. ನಮ್ಮೂರುಗಳಲ್ಲಿ ಬೆಳಗಾಗುವ ಮುಂಚೆ ಚಿತೆಗೆ ಬೆಂಕಿ ಬೀಳುವುದರ ಹಿಂದೆ ಎಷ್ಟೋ ಸಲ ಇದೇ ಭಯ ಇರುತ್ತದೆ.

ಹಂದಿಯ ಬಾಯಿಯ ಬೂದಿ

ಇದೇ ತಲೆನೋವು ಚೀನಾದ ಅಧಿಕಾರಿಗಳಿಗೂ ಇತ್ತು. 1247ರಲ್ಲಿ ಸೊಂಗ್ ತ್ಸು ಎಂಬ ಅಧಿಕಾರಿ ಅಸಹಜ ಸಾವುಗಳ ತನಿಖೆ ಹೇಗೆ ಮಾಡಬೇಕೆಂದು ಒಂದು ಕೈಪಿಡಿ ಬರೆದ. ಅದರಲ್ಲಿ ರಸ್ತೆ ಬದಿ ಕೊಚ್ಚಿ ಕೊಲೆಯಾದವನೊಬ್ಬನ ಕತೆ ಇದೆ. ಅವನ ಬಟ್ಟೆಬರೆ ಹಾಗೇ ಇದ್ದದ್ದರಿಂದ ಇದು ದರೋಡೆಯಲ್ಲ, ದ್ವೇಷ ಎಂದು ಅಧಿಕಾರಿ ಊಹಿಸಿದ. ಊರಿನವರ ಕುಡುಗೋಲುಗಳನ್ನೆಲ್ಲ ತರಿಸಿ ಬಿಸಿಲಿನಲ್ಲಿ ಸಾಲಾಗಿ ಇಡಿಸಿದ. ತೊಳೆದರೂ ಹೋಗದ ರಕ್ತದ ವಾಸನೆಗೆ ಒಂದೇ ಕುಡುಗೋಲಿನ ಮೇಲೆ ನೊಣ ಮುತ್ತಿದವು. ಅದರ ಯಜಮಾನ ಒಪ್ಪಿಕೊಂಡ.

ಅದಕ್ಕೂ ಹಿಂದಿನ ಇನ್ನೊಂದು ಕತೆ ನಮ್ಮ ಮಾತಿಗೆ ಹೆಚ್ಚು ಹತ್ತಿರ. ಮನೆಗೆ ಬೆಂಕಿ ಬಿದ್ದು ಗಂಡ ಸತ್ತ ಎಂದು ಹೆಂಡತಿ ಹೇಳಿದಳು. ಗಂಡನ ಕಡೆಯವರು ನಂಬಲಿಲ್ಲ. ನ್ಯಾಯಾಧಿಕಾರಿ ಎರಡು ಹಂದಿ ತರಿಸಿದ. ಒಂದನ್ನು ಕೊಂದು ಸುಡಿಸಿದ, ಇನ್ನೊಂದನ್ನು ಜೀವಂತ ಸುಡಿಸಿದ. ಜೀವಂತ ಸುಟ್ಟ ಹಂದಿಯ ಬಾಯಲ್ಲಿ ಬೂದಿ ಇತ್ತು, ಸತ್ತ ಹಂದಿಯ ಬಾಯಲ್ಲಿ ಇರಲಿಲ್ಲ. ಗಂಡನ ಬಾಯಿ ತೆರೆದು ನೋಡಿದರೆ ಅಲ್ಲೂ ಬೂದಿ ಇರಲಿಲ್ಲ. ಬೆಂಕಿಗೆ ಮುಂಚೆಯೇ ಅವನು ಸತ್ತಿದ್ದ.

ಇಂದಿಗೂ ಸುಟ್ಟ ಹೆಣದ ಪೋಸ್ಟ್‌ಮಾರ್ಟಮ್ ಮಾಡುವ ವೈದ್ಯರು ಶ್ವಾಸನಾಳದಲ್ಲಿ ಮಸಿ ಇದೆಯೇ ಎಂದು ನೋಡುತ್ತಾರೆ, ರಕ್ತದಲ್ಲಿ ಹೊಗೆಯ ಅನಿಲ ಸೇರಿದೆಯೇ ಎಂದು ಪರೀಕ್ಷಿಸುತ್ತಾರೆ. ಉಸಿರಾಡುತ್ತಿದ್ದವರಷ್ಟೇ ಹೊಗೆ ಎಳೆದುಕೊಳ್ಳುತ್ತಾರೆ. ಆದರೆ ಒಂದು ಮಾತು ನೆನಪಿಡಿ. ಬೂದಿ ಇಲ್ಲದಿದ್ದರೆ ಕೊಲೆಯ ಅನುಮಾನ ಬರುತ್ತದೆ. ಬೂದಿ ಇದ್ದರೆ? ಬೆಂಕಿ ಹೊತ್ತಿದಾಗ ಆ ಜೀವ ಬದುಕಿತ್ತು ಎಂದಷ್ಟೇ ಗೊತ್ತಾಗುತ್ತದೆ. ಹಚ್ಚಿದ ಕೈ ಯಾರದು ಎಂದು ಬೂದಿ ಹೇಳುವುದಿಲ್ಲ.

ಪಾಷಾಣ ಮತ್ತು ಗಾಜಿನ ಕೊಳವೆ

19ನೆಯ ಶತಮಾನದಲ್ಲಿ ರಸಾಯನಶಾಸ್ತ್ರ ಈ ಕೆಲಸಕ್ಕೆ ಇಳಿಯಿತು. ಆಗ ಕೊಲೆಗಾರರ ಅಚ್ಚುಮೆಚ್ಚಿನ ವಿಷ ಪಾಷಾಣ, ಅಂದರೆ ಆರ್ಸೆನಿಕ್. ರುಚಿಯಿಲ್ಲ, ವಾಸನೆಯಿಲ್ಲ, ಸತ್ತವರಿಗೆ ವಾಂತಿಭೇದಿ ಆದಂತೆ ಕಾಣುತ್ತದೆ.

1833ರಲ್ಲಿ ಇಂಗ್ಲೆಂಡಿನಲ್ಲಿ ಜಾನ್ ಬೋಡಲ್ ಎಂಬವನು ತಾತನ ಕಾಫಿಗೆ ಪಾಷಾಣ ಹಾಕಿದ ಆರೋಪದ ಮೇಲೆ ಕೋರ್ಟಿಗೆ ಬಂದ. ಜೇಮ್ಸ್ ಮಾರ್ಷ್ ಎಂಬ ರಸಾಯನಶಾಸ್ತ್ರಜ್ಞ ಪರೀಕ್ಷೆ ಮಾಡಿ ವಿಷ ಇದ್ದದ್ದನ್ನು ಕಂಡಿದ್ದ. ಆದರೆ ಕೋರ್ಟಿಗೆ ತರುವಷ್ಟರಲ್ಲಿ ಮಾದರಿ ಕೆಟ್ಟುಹೋಗಿತ್ತು. ಜ್ಯೂರಿ ನಂಬಲಿಲ್ಲ, ಬೋಡಲ್ ಬಿಡುಗಡೆಯಾದ. ಆಮೇಲೆ ತಾನೇ ಮಾಡಿದ್ದೆಂದು ಒಪ್ಪಿಕೊಂಡ. ಹಟ ಹಿಡಿದ ಮಾರ್ಷ್ 1836ರಲ್ಲಿ ಹೊಸ ಪರೀಕ್ಷೆ ಪ್ರಕಟಿಸಿದ. ತೀರ ಕಡಿಮೆ ಪ್ರಮಾಣದ ಪಾಷಾಣವೂ ಗಾಜಿನ ಮೇಲೆ ಕನ್ನಡಿಯಂತೆ ಹೊಳೆಯುವ ಕಪ್ಪು ಕಲೆಯಾಗಿ ಕೂರುತ್ತಿತ್ತು.

ಅದೇ 1836ರಲ್ಲಿ ಕಲ್ಕತ್ತ ಮೆಡಿಕಲ್ ಕಾಲೇಜಿನಲ್ಲಿ ಪಂಡಿತ ಮಧುಸೂದನ ಗುಪ್ತರು ಜಾತಿಯ ಕಟ್ಟು ಮೀರಿ ಶವಕ್ಕೆ ಕತ್ತಿ ಹಾಕಿದರು. 1849ರಲ್ಲಿ ಮದ್ರಾಸ್ ಪ್ರಾಂತ್ಯದಲ್ಲಿ ವಿಷ ಪರೀಕ್ಷೆಗೆ ಕೆಮಿಕಲ್ ಎಕ್ಸಾಮಿನರ್ ಪ್ರಯೋಗಾಲಯ ಶುರುವಾಯಿತು, 1870ರಲ್ಲಿ ಬೊಂಬಾಯಿಗೂ ಬಂತು. ಬಳ್ಳಾರಿ, ದಕ್ಷಿಣ ಕನ್ನಡ ಆಗ ಮದ್ರಾಸಿಗೆ ಸೇರಿದ್ದವು. ಧಾರವಾಡ, ಬೆಳಗಾವಿ, ವಿಜಯಪುರ ಬೊಂಬಾಯಿಗೆ. ಇಂದು ಪೊಲೀಸರು "ವಿಸೆರಾ ಎಫ್ಎಸ್ಎಲ್‌ಗೆ ಹೋಗಿದೆ" ಅನ್ನುತ್ತಾರಲ್ಲ, ಆ ದಾರಿ ಹಾಕಿದ್ದು ಈ ಪ್ರಯೋಗಾಲಯಗಳು.

ಇಲ್ಲೂ ಅದೇ ಮಿತಿ. ಹೊಟ್ಟೆಯಲ್ಲಿ ವಿಷ ಇದೆ ಎಂದು ಗಾಜಿನ ಕೊಳವೆ ಹೇಳಿತು. ತಾನೇ ಕುಡಿದನೇ, ಯಾರಾದರೂ ಬೆರೆಸಿಕೊಟ್ಟರೇ, ಗೊತ್ತಿಲ್ಲದೆ ಬಾಯಿಗೆ ಹೋಯಿತೇ ಎಂದು ಹೇಳಲಿಲ್ಲ.

ಪಂಚರು ಬಂದದ್ದು

ಆ ಉಳಿದ ಅರ್ಧವನ್ನು ಕಾನೂನು ಊರಿನವರ ಮೇಲೆ ಹೊರಿಸಿತು. 1898ರ ಕ್ರಿಮಿನಲ್ ಪ್ರೊಸೀಜರ್ ಕೋಡ್ ಪ್ರಕಾರ ಊರಲ್ಲಿ ಹಠಾತ್ ಅಥವಾ ಅಸಹಜ ಸಾವಾದರೆ ತಿಳಿಸುವುದು ಊರಿನ ಮುಖ್ಯಸ್ಥನ, ಅಂದರೆ ನಮ್ಮ ಕಡೆ ಪಟೇಲರ, ಹೊಣೆ. ಅದರ 174ನೆಯ ಕಲಂ ಪ್ರಕಾರ ಪೊಲೀಸ್ ಅಧಿಕಾರಿ ಹೆಣ ಇರುವಲ್ಲಿಗೇ ಹೋಗಿ, ನೆರೆಹೊರೆಯ ಇಬ್ಬರು ಅಥವಾ ಹೆಚ್ಚು ಗೌರವಸ್ಥರ ಎದುರು, ಮೈಮೇಲಿನ ಗಾಯ, ಮುರಿತ, ಗುರುತುಗಳನ್ನೆಲ್ಲ ಬರೆದು, ಮೇಲ್ನೋಟಕ್ಕೆ ಸಾವಿಗೆ ಏನು ಕಾರಣ ಎಂದು ವರದಿ ಮಾಡಬೇಕು. 1973ರ ಹೊಸ ಸಂಹಿತೆಯಲ್ಲೂ ಕಲಂ ನಂಬರ್ 174ರಲ್ಲೇ ಉಳಿಯಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 194ನೆಯ ಕಲಂ. ವರದಿಯನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕೆಂದು ಈಗ ಸೇರಿಸಿದ್ದಾರೆ.

ಪಟೇಲರ ಕಾಲ ಮುಗಿಯಿತು. ಆದರೆ ಆ ಇಬ್ಬರು ನೆರೆಹೊರೆಯವರು ಇನ್ನೂ ಇದ್ದಾರೆ. ಅವರೇ ಪಂಚರು. ನೀವು ಮತ್ತು ನಾವು.

ಯಾರು ಕೊಂದರು ಎಂದು ಹೇಳುವುದು ಶವಪಂಚನಾಮೆಯ ಕೆಲಸವಲ್ಲ. ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ. ಕಂಡದ್ದನ್ನು ಕಂಡ ಹಾಗೆ ದಾಖಲಿಸುವುದಷ್ಟೇ ಅದರ ಕೆಲಸ. ಡಾಕ್ಟರ್ ಬಾವಿಯನ್ನು ನೋಡಿರುವುದಿಲ್ಲ. ಜಡ್ಜ್ ಹೆಣವನ್ನು ನೋಡಿರುವುದಿಲ್ಲ. ಎರಡನ್ನೂ ಒಟ್ಟಿಗೆ ನೋಡಿದವರಲ್ಲಿ ಪಂಚರು ಸೇರಿದ್ದಾರೆ.

ಸ್ಟವ್ ಸಿಡಿದ ವರ್ಷಗಳು

ಎರಡನೆಯ ಪ್ರಶ್ನೆಗೆ ಉತ್ತರ ಸಿಗದಿದ್ದರೆ ಏನಾಗುತ್ತದೆ ಎಂಬುದನ್ನು ದೇಶ ಕಣ್ಣಾರೆ ಕಂಡದ್ದು 1970, 80ರ ದಶಕಗಳಲ್ಲಿ. ಹೊಸದಾಗಿ ಮದುವೆಯಾದ ಹೆಣ್ಣುಮಕ್ಕಳು ಅಡುಗೆಮನೆಯಲ್ಲಿ ಸುಟ್ಟು ಸಾಯತೊಡಗಿದರು. "ಸೀಮೆಎಣ್ಣೆ ಸ್ಟವ್ ಸಿಡಿಯಿತು" ಎಂಬುದು ಗಂಡನ ಮನೆಯವರ ಸಿದ್ಧ ಉತ್ತರ. ಸುಟ್ಟಗಾಯದಿಂದ ಸಾವು ಎಂದು ಡಾಕ್ಟರ್ ಬರೆದರು. ಅದು ನಿಜವೇ. ಆದರೆ ಆ ಅಡುಗೆಮನೆಯೊಳಗೆ ಮೂರನೆಯವರ ಕಣ್ಣು ಇರಲಿಲ್ಲ.

ಬೀದಿಗಿಳಿದ ಮಹಿಳಾ ಸಂಘಟನೆಗಳ ಒತ್ತಾಯಕ್ಕೆ 1983ರಲ್ಲಿ ಕಾನೂನು ಬದಲಾಯಿತು. ಮದುವೆಯಾಗಿ 7 ವರ್ಷದೊಳಗೆ ಹೆಂಗಸು ಆತ್ಮಹತ್ಯೆ ಮಾಡಿಕೊಂಡರೆ ಅಥವಾ ಅನುಮಾನ ಬರುವಂತೆ ಸತ್ತರೆ ಶವಪರೀಕ್ಷೆಗೆ ಕಳಿಸಬೇಕೆಂದಾಯಿತು. ತವರಿನವರು ಯಾರಾದರೂ ಕೇಳಿಕೊಂಡರೂ ಅದೇ ನಿಯಮ. ಮ್ಯಾಜಿಸ್ಟ್ರೇಟರ ವಿಚಾರಣೆಯೂ ಬಂತು. ಇಂಥ ಸಾವಿಗೆ ತಹಸೀಲ್ದಾರರೇ ಪಂಚನಾಮೆಗೆ ಬರುವುದನ್ನು ನೀವು ನೋಡಿರುತ್ತೀರಿ. ಅದರ ಬೇರು ಇಲ್ಲಿದೆ.

1984ರಲ್ಲಿ ಸುಪ್ರೀಂ ಕೋರ್ಟ್ ಪುಣೆಯ ಒಂದು ಮೊಕದ್ದಮೆ ತೀರ್ಮಾನಿಸಿತು. ಮದುವೆಯಾಗಿ ನಾಲ್ಕು ತಿಂಗಳಾಗಿದ್ದ ಹೆಣ್ಣುಮಗಳು 1982ರಲ್ಲಿ ಸಯನೈಡ್ ವಿಷದಿಂದ ಸತ್ತಿದ್ದಳು. ವಿಷ ಯಾವುದೆಂಬುದರಲ್ಲಿ ಅನುಮಾನ ಇರಲಿಲ್ಲ. ಕೊಟ್ಟದ್ದೋ, ಕುಡಿದದ್ದೋ ಎಂಬುದೇ ಪ್ರಶ್ನೆ. ಅವಳು ಬರೆದ ಕಾಗದಗಳಲ್ಲಿ ದುಃಖವೂ ಇತ್ತು, ಭಯವೂ ಇತ್ತು. ಕೆಳಗಿನ ಎರಡು ಕೋರ್ಟುಗಳು ಕೊಲೆ ಎಂದು ಗಂಡನಿಗೆ ಮರಣದಂಡನೆ ಹೇಳಿದ್ದವು. ಆತ್ಮಹತ್ಯೆ ಅಲ್ಲವೇ ಅಲ್ಲ ಎಂದು ಸಾಬೀತಾಗಿಲ್ಲ ಎಂದು ಸುಪ್ರೀಂ ಕೋರ್ಟ್ ಅವನನ್ನು ಬಿಟ್ಟಿತು. ಸಾಕ್ಷ್ಯದ ಸರಪಳಿಯಲ್ಲಿ ಒಂದು ಕೊಂಡಿಯೂ ತಪ್ಪಬಾರದು ಎಂದು ಆ ತೀರ್ಪು ಹೇಳಿದ್ದನ್ನು ವಕೀಲರು ಇಂದಿಗೂ ಕೋರ್ಟಿನಲ್ಲಿ ಎತ್ತಿ ಹೇಳುತ್ತಾರೆ.

1986ರಲ್ಲಿ ಸಂಸತ್ತು ಬೇರೆ ದಾರಿ ಹಿಡಿಯಿತು. 'ವರದಕ್ಷಿಣೆ ಸಾವು' ಎಂಬ ಹೊಸ ಅಪರಾಧ ಬಂತು. 7 ವರ್ಷದೊಳಗೆ ಸುಟ್ಟೋ, ಗಾಯದಿಂದಲೋ, ಬೇರೆ ರೀತಿಯಲ್ಲೋ ಅಸಹಜ ಸಾವಾಗಿ, ಅದಕ್ಕೆ ಸ್ವಲ್ಪ ಮುಂಚೆ ವರದಕ್ಷಿಣೆಗಾಗಿ ಹಿಂಸೆ ಕೊಟ್ಟಿದ್ದು ತೋರಿಸಿದರೆ ಸಾಕು, ಹೊಣೆ ಗಂಡನ ಮನೆಯವರದ್ದು. ಕೊಲೆಯೋ ಆತ್ಮಹತ್ಯೆಯೋ ಎಂಬ ಪ್ರಶ್ನೆ ಅಲ್ಲಿ ಬಗೆಹರಿಯಲೇಬೇಕೆಂದಿಲ್ಲ. ಎರಡು ಸಾವಿರ ವರ್ಷದಿಂದ ಉತ್ತರ ಕೊಡದ ಪ್ರಶ್ನೆಯನ್ನು ಕಾನೂನು ಒಂದು ಕಡೆಯಲ್ಲಾದರೂ ಬಳಸಿಕೊಂಡು ಹೋಯಿತು.

ಉಳಿದ ಸಾವುಗಳಿಗೆ ಆ ಸೌಲಭ್ಯ ಇಲ್ಲ. ತೋಟದ ಬಾವಿಯಲ್ಲಿ, ಹೊಲದ ಬದುವಿನಲ್ಲಿ, ದನದ ಕೊಟ್ಟಿಗೆಯ ತೊಲೆಯಲ್ಲಿ ಆಗುವ ಸಾವುಗಳಿಗೆ ಉತ್ತರವನ್ನು ಅಲ್ಲಲ್ಲೇ ಹುಡುಕಬೇಕು.

ಸಹಿ ಹಾಕುವ ಮುಂಚೆ

ಆದ್ದರಿಂದ ಪೊಲೀಸರು "ಬನ್ನಿ ಯಜಮಾನ್ರೇ, ಒಂದು ಸಹಿ ಹಾಕಿ" ಎಂದಾಗ ಅದು ಬರೀ ಸಹಿ ಅಲ್ಲ. ಖಾಲಿ ಹಾಳೆಗೆ ಸಹಿ ಹಾಕಬೇಡಿ. ಬರೆದದ್ದನ್ನು ಓದಿ, ಓದಲು ಬಾರದಿದ್ದರೆ ಓದಿಸಿ ಕೇಳಿ. ನೀವು ಕಂಡ ಗಾಯ, ಚಪ್ಪಲಿ, ಹಗ್ಗ, ಬಾಟಲಿ ಅದರಲ್ಲಿ ಇಲ್ಲದಿದ್ದರೆ ಸೇರಿಸಿ ಎಂದು ಕೇಳಿ. ಕಾಣದ್ದನ್ನು ಕಂಡೆ ಎಂದು ಬರೆಸಬೇಡಿ. ಪೊಲೀಸರು ಬರುವ ಮುಂಚೆ, ಜೀವ ಇರಬಹುದು ಎಂಬ ಅನುಮಾನ ಇದ್ದರೆ ಉಳಿಸಲು ನೋಡಿ. ಜೀವ ಹೋಗಿದ್ದರೆ ಹೆಣಕ್ಕೆ ಸ್ನಾನ ಮಾಡಿಸಬೇಡಿ, ಬಟ್ಟೆ ಬದಲಿಸಬೇಡಿ, ಸುತ್ತಲಿನ ಜಾಗ ತುಳಿಯಬೇಡಿ. "ಹೋದ ಜೀವ ಬರಲ್ಲ, ಪೋಸ್ಟ್‌ಮಾರ್ಟಮ್ ಯಾಕೆ, ಬೇಗ ಮಣ್ಣು ಮಾಡೋಣ" ಎನ್ನುವವರು ಊರಿನಲ್ಲಿ ಇದ್ದೇ ಇರುತ್ತಾರೆ. ಅವರಲ್ಲಿ ಹೆಚ್ಚಿನವರು ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ ಸುಟ್ಟ ಮೇಲೆ ಯಾವ ಡಾಕ್ಟರಿಗೂ, ಯಾವ ಕೋರ್ಟಿಗೂ ಕೇಳಲು ಏನೂ ಉಳಿದಿರುವುದಿಲ್ಲ.

ನಾವೂ ಒಂದು ನಿಯಮ ಹಾಕಿಕೊಂಡಿದ್ದೇವೆ. ಈಗ ಇಂಥ ಸುದ್ದಿಯನ್ನು "ಬಾವಿಯಲ್ಲಿ ಶವ ಪತ್ತೆ, ಅಸಹಜ ಸಾವಿನ ಪ್ರಕರಣ ದಾಖಲು" ಎಂದಷ್ಟೇ ಕಳಿಸುತ್ತೇವೆ. "ಇದೆಂಥ ಹೆಡ್ಡಿಂಗ್, ಹಾರಿದ್ನೋ ಬಿದ್ದನೋ ಹೇಳ್ರಿ" ಅಂತ ಆಫೀಸಿನಿಂದ ಫೋನ್ ಬರುವುದುಂಟು. ನಾವು ಕಂಡಿಲ್ಲ ಸಾರ್ ಅನ್ನುತ್ತೇವೆ. ಆ ತಾಯಿಗೆ ಅವತ್ತು ಕೊಡಬೇಕಾಗಿದ್ದ ಉತ್ತರವೂ ಅದೇ.